ಟಿವಿಗೆ ಬಂದ 'ಸ್ಟೇಜ್‌ಕೋಚ್' (1986): ಪದೇ ಪದೇ ಕೇಳುವ ಪ್ರಶ್ನೆಗಳು

ಕೌಬಾಯ್ ಸಿನಿಮಾದ ಹುಚ್ಚಿರುವವರಿಗೆ 1939ರ 'ಸ್ಟೇಜ್‌ಕೋಚ್' ಗೊತ್ತೇ ಇರುತ್ತದೆ. ಅದೇ ಕಥೆಯನ್ನು 1986ರಲ್ಲಿ ಅಮೆರಿಕದ ಟಿವಿಗಾಗಿ ಮತ್ತೆ ತೆಗೆದರು ಅಂದರೆ ಅವರಲ್ಲೂ ಅನೇಕರು "ಹೌದಾ?" ಅನ್ನುತ್ತಾರೆ. ಆ ಟಿವಿ ಚಿತ್ರ ನನಗೆ ತುಂಬ ಪ್ರೀತಿಯದು. ಅದರ ಮಾತೆತ್ತಿದಾಗಲೆಲ್ಲ ಎದುರಿಗಿದ್ದವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಕೆಲವು ಉತ್ತರಗಳು ಉದ್ದವಾಗಿವೆ. ಅಲ್ಲಿ ಹೇಳಲೇಬೇಕಾದದ್ದು ಬಹಳ ಇದೆ.

ಇದು ಯಾವ ಚಿತ್ರ? ಚುಟುಕಾಗಿ ಹೇಳಿ.

1986ರ ಮೇ 18, ಭಾನುವಾರ, ಸಿಬಿಎಸ್ ವಾಹಿನಿಯಲ್ಲಿ ಪ್ರಸಾರವಾದ ಟಿವಿ ಸಿನಿಮಾ. ನಿರ್ದೇಶಕ ಟೆಡ್ ಪೋಸ್ಟ್. ಮುಖ್ಯ ಪಾತ್ರಗಳಲ್ಲಿ ಕ್ರಿಸ್ ಕ್ರಿಸ್ಟಾಫರ್ಸನ್, ವಿಲ್ಲಿ ನೆಲ್ಸನ್, ಜಾನಿ ಕ್ಯಾಶ್ ಮತ್ತು ವೇಲನ್ ಜೆನಿಂಗ್ಸ್. ನಾಲ್ವರೂ ಅಮೆರಿಕದ ಕಂಟ್ರಿ ಸಂಗೀತದ, ಅಂದರೆ ಅಲ್ಲಿನ ಹಳ್ಳಿಗಾಡಿನ ಹಾಡುಗಳ, ದೊಡ್ಡ ಹೆಸರುಗಳು. ಜಾನ್ ಫೋರ್ಡ್ 1939ರಲ್ಲಿ ತೆಗೆದ ಚಿತ್ರದ ರೀಮೇಕ್ ಇದು.

ಕಥೆ ಏನು?

ಅರಿಜೋನಾದ ಟೋಂಟೋ ಎಂಬ ಊರಿನಿಂದ ನ್ಯೂ ಮೆಕ್ಸಿಕೋದ ಲಾರ್ಡ್ಸ್‌ಬರ್ಗ್‌ಗೆ ಒಂದು ಕುದುರೆ ಸಾರೋಟು ಹೊರಡುತ್ತದೆ. ದಾರಿಯುದ್ದಕ್ಕೂ ಅಲ್ಲಿನ ಮೂಲನಿವಾಸಿಗಳಾದ ಅಪಾಚೆಗಳ ದಾಳಿಯ ಭಯ. ಒಳಗೆ ಕೂತವರು ಬೇರೆ ಬೇರೆ ದಾರಿಯ ಜನ. ಡಲ್ಲಾಸ್ ಎಂಬ ಹೆಣ್ಣುಮಗಳನ್ನು ಊರಿನ ಮರ್ಯಾದಸ್ಥ ಹೆಂಗಸರು ಸೇರಿ ಹೊರಗೆ ಹಾಕಿದ್ದಾರೆ. ಲೂಸಿ ಮ್ಯಾಲರಿ ತುಂಬು ಗರ್ಭಿಣಿ, ಸೈನ್ಯದಲ್ಲಿರುವ ಗಂಡನನ್ನು ಸೇರಿಕೊಳ್ಳಲು ಹೊರಟವಳು. ಅವಳ ರಕ್ಷಣೆಗೆ ತಾನಾಗಿಯೇ ಹತ್ತಿದವನು ಹ್ಯಾಟ್‌ಫೀಲ್ಡ್ ಎಂಬ ಜೂಜುಗಾರ. ಜತೆಗೆ ಒಬ್ಬ ಕುಡುಕ ವೈದ್ಯ, ವಿಸ್ಕಿ ಮಾರುವ ಪೀಕಾಕ್ ಎಂಬ ಸೇಲ್ಸ್‌ಮನ್, ಬ್ಯಾಂಕಿನ ಹಣ ಲಪಟಾಯಿಸಿ ಓಡುತ್ತಿರುವ ಗೇಟ್‌ವುಡ್. ಮೇಲಿನ ಸೀಟಿನಲ್ಲಿ ಗಾಡಿ ಹೊಡೆಯುವ ಬಕ್, ಅವನ ಪಕ್ಕ ಬಂದೂಕು ಹಿಡಿದ ಮಾರ್ಷಲ್ ಕರ್ಲಿ. ನಡುದಾರಿಯಲ್ಲಿ ರಿಂಗೋ ಕಿಡ್ ಸಿಗುತ್ತಾನೆ. ತನ್ನವರನ್ನು ಕೊಂದ ಪ್ಲಮ್ಮರ್ ಸೋದರರ ಮೇಲೆ ಸೇಡು ತೀರಿಸಿಕೊಳ್ಳಲು ಜೈಲಿನಿಂದ ತಪ್ಪಿಸಿಕೊಂಡು ಬಂದವನು.

ಇದು ಮೂಲದ ಚೌಕಟ್ಟು. ಟಿವಿ ಚಿತ್ರ ಇದನ್ನೇ ಹಿಡಿದುಕೊಂಡು ಅಲ್ಲಲ್ಲಿ ಬೇರೆ ದಾರಿ ತುಳಿಯುತ್ತದೆ. ಕೊನೆ ಹೇಳುವುದಿಲ್ಲ, ನೋಡಿಯೇ ತಿಳಿದುಕೊಳ್ಳಿ.

ಮೂಲ ಕಥೆ ಯಾರದು?

ಅರ್ನೆಸ್ಟ್ ಹೇಕಾಕ್ಸ್ ಬರೆದು 1937ರಲ್ಲಿ ಕೊಲಿಯರ್ಸ್ ಪತ್ರಿಕೆಯಲ್ಲಿ ಅಚ್ಚಾದ ಸಣ್ಣ ಕಥೆ. ಅದನ್ನು 1939ರ ಚಿತ್ರಕ್ಕೆ ಚಿತ್ರಕಥೆಯಾಗಿ ಹಿಗ್ಗಿಸಿದವರು ಡಡ್ಲಿ ನಿಕೋಲ್ಸ್. ಹೇಕಾಕ್ಸ್ ಕಥೆಯ ಹಿಂದೆ ಫ್ರೆಂಚ್ ಕಥೆಗಾರ ಮೊಪಾಸಾನ 1880ರ ಒಂದು ಕಥೆಯ ನೆರಳಿದೆ ಎಂದು ಫೋರ್ಡ್ ಅವರೇ ಹೇಳುತ್ತಿದ್ದರು. ಅಲ್ಲೂ ಒಂದು ಕುದುರೆ ಗಾಡಿ, ಅದರೊಳಗೆ ಮರ್ಯಾದಸ್ಥರು, ಅವರ ನಡುವೆ ಅವರೆಲ್ಲ ಕೀಳಾಗಿ ಕಾಣುವ ಒಬ್ಬ ಹೆಣ್ಣು.

ಕನ್ನಡದ ಓದುಗರಿಗೆ ಈ ಕಥೆ ಥಟ್ಟನೆ ಹತ್ತಿರವಾಗುವುದು ಊಟದ ದೃಶ್ಯದಲ್ಲಿ. 1939ರ ಚಿತ್ರದಲ್ಲಿ ಮೊದಲ ತಂಗುದಾಣ ಬಂದಾಗ ಎಲ್ಲರೂ ಒಂದೇ ಮೇಜಿಗೆ ಕೂರುತ್ತಾರೆ. ರಿಂಗೋ ಡಲ್ಲಾಸ್‌ಗೆ ಗೌರವದಿಂದ ಕುರ್ಚಿ ತೋರಿಸುತ್ತಾನೆ. ಎದುರಿಗೆ ಲೂಸಿ. ಅವಳು ಒಂದು ಮಾತೂ ಆಡುವುದಿಲ್ಲ, ಮುಖ ಬಿಗಿಯುತ್ತದೆ. ಕಿಟಕಿಯ ಹತ್ತಿರ ತಂಪಾಗಿದೆ ಎಂಬ ನೆಪ ತೆಗೆದು ಹ್ಯಾಟ್‌ಫೀಲ್ಡ್ ಅವಳನ್ನು ಮೇಜಿನ ಆ ಕೊನೆಗೆ ಕರೆದೊಯ್ಯುತ್ತಾನೆ. ಇದು ಪಂಕ್ತಿಭೇದವೇ. ರಿಂಗೋ ಪಾಪ, ಜೈಲಿನಿಂದ ಬಂದವನು ನಾನಲ್ಲವೇ, ಅದಕ್ಕೇ ಎದ್ದು ಹೋದರು ಅಂದುಕೊಳ್ಳುತ್ತಾನೆ. ಈ ಒಂದು ದೃಶ್ಯ ಅರ್ಥವಾದರೆ ಈ ಕಥೆಯನ್ನು ಯಾಕೆ ಮತ್ತೆ ಮತ್ತೆ ತೆಗೆದರು ಅನ್ನುವುದೂ ಅರ್ಥವಾಗುತ್ತದೆ.

ನಟರ ಬದಲು ನಾಲ್ವರು ಹಾಡುಗಾರರನ್ನು ಹಾಕಿಕೊಂಡರಲ್ಲ, ಅದು ಬರೀ ಹೆಸರು ಮಾರುವ ಉಪಾಯವೇ?

ವ್ಯಾಪಾರದ ಲೆಕ್ಕಾಚಾರ ಇದ್ದೇ ಇತ್ತು. 1984ರಲ್ಲಿ ಜಾನಿ ಕ್ಯಾಶ್ ಅವರ ಕ್ರಿಸ್‌ಮಸ್ ಟಿವಿ ಕಾರ್ಯಕ್ರಮಕ್ಕಾಗಿ ನಾಲ್ವರೂ ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ ಸೇರಿದ್ದರು. ಮರುವರ್ಷ ಒಟ್ಟಾಗಿ ಒಂದು ಆಲ್ಬಮ್ ತಂದರು. ಜಿಮ್ಮಿ ವೆಬ್ ಬರೆದ ಅದರ ಶೀರ್ಷಿಕೆ ಹಾಡು ಕಂಟ್ರಿ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಏರಿತು. ಮುಂದೆ ಆ ಹಾಡಿನಿಂದಲೇ ಅವರಿಗೆ 'ಹೈವೇಮೆನ್' ಎಂಬ ಹೆಸರು ಬಿತ್ತು. ಆ ಜನಪ್ರಿಯತೆ ಬಿಸಿಯಾಗಿರುವಾಗಲೇ ಚಿತ್ರ ಬಂತು.

ಆದರೆ ಚಿತ್ರ ಉಳಿದಿರುವುದು ಆ ಲೆಕ್ಕಾಚಾರದ ಬಲದಿಂದ ಅನ್ನಿಸುವುದಿಲ್ಲ. ಇವರ ಸ್ನೇಹ ಕ್ಯಾಮೆರಾಗಾಗಿ ಹುಟ್ಟಿದ್ದಲ್ಲ. ಕ್ಯಾಶ್ ಮತ್ತು ಜೆನಿಂಗ್ಸ್ ಅರವತ್ತರ ದಶಕದಲ್ಲಿ, ಕಂಟ್ರಿ ಸಂಗೀತದ ತವರಾದ ನ್ಯಾಶ್‌ವಿಲ್‌ನಲ್ಲಿ ಒಂದೇ ಬಾಡಿಗೆ ಮನೆಯಲ್ಲಿದ್ದವರು. ಕ್ರಿಸ್ಟಾಫರ್ಸನ್ ಆಕ್ಸ್‌ಫರ್ಡ್‌ನಲ್ಲಿ ಸಾಹಿತ್ಯ ಓದಿ, ಸೈನ್ಯದಲ್ಲಿ ಹೆಲಿಕಾಪ್ಟರ್ ಹಾರಿಸಿ, ಅದನ್ನೆಲ್ಲ ಬಿಟ್ಟು ಹಾಡು ಬರೆಯುತ್ತೇನೆಂದು ನ್ಯಾಶ್‌ವಿಲ್‌ಗೆ ಬಂದು ಕೊಲಂಬಿಯಾ ಸ್ಟುಡಿಯೋದಲ್ಲಿ ಕಸ ಗುಡಿಸುತ್ತಿದ್ದವರು. ಅದೇ ಸ್ಟುಡಿಯೋಗೆ ಹಾಡಲು ಬರುತ್ತಿದ್ದವರು ಕ್ಯಾಶ್. ಕ್ರಿಸ್ಟಾಫರ್ಸನ್ ಬರೆದ ಹಾಡನ್ನು ಮುಂದೆ ಕ್ಯಾಶ್ ಹಾಡಿದರು. 1970ರಲ್ಲಿ ಅದಕ್ಕೆ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ವರ್ಷದ ಹಾಡು ಎಂಬ ಪ್ರಶಸ್ತಿ ಬಂತು.

ಈಗ ಚಿತ್ರಕ್ಕೆ ಬನ್ನಿ. ಮಾರ್ಷಲ್ ಕರ್ಲಿಯಾಗಿ ಕ್ಯಾಶ್, ಅವನ ಕೈಗೆ ಸಿಕ್ಕಿಬಿದ್ದ ರಿಂಗೋ ಆಗಿ ಕ್ರಿಸ್ಟಾಫರ್ಸನ್. ಕಾನೂನಿನ ಪ್ರಕಾರ ಹಿಡಿದುಕೊಡಬೇಕು, ಮನಸ್ಸು ಬಿಟ್ಟುಬಿಡು ಅನ್ನುತ್ತದೆ. ಇದು ಕರ್ಲಿಯ ತೊಳಲಾಟ. ಆ ಪಾತ್ರಕ್ಕೆ ಬೇಕಾದ ಹಿರಿಯಣ್ಣನ ಅಕ್ಕರೆ ಕ್ಯಾಶ್ ಅವರಲ್ಲಿ ಮೊದಲೇ ತುಂಬಿತ್ತು. ಮಾತು ಕಡಿಮೆ ಇರುವ ಕಡೆ ಇವರಿಬ್ಬರನ್ನು ಗಮನಿಸಿ. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರಿಗೆ ಅದು ತಿಳಿದಿರುತ್ತದೆ. ಬಹಳ ವರ್ಷ ಒಟ್ಟಿಗೆ ಬದುಕಿದವರಲ್ಲಿ ಮಾತ್ರ ಅಂಥದ್ದು ಕಾಣುತ್ತದೆ. ನಾನು ಈ ಚಿತ್ರವನ್ನು ಮತ್ತೆ ಮತ್ತೆ ನೋಡುವುದು ಇದಕ್ಕೇ.

1939ರಲ್ಲಿ ಜಾನ್ ವೇನ್ ಮಾಡಿದ ರಿಂಗೋ ಪಾತ್ರ ಕ್ರಿಸ್ಟಾಫರ್ಸನ್‌ಗೆ ಒಪ್ಪುತ್ತದೆಯೇ? ಅವರು 'ಕಿಡ್' ಅನ್ನಿಸಿಕೊಳ್ಳುವ ವಯಸ್ಸಿನವರಲ್ಲವಲ್ಲ.

ಎಲ್ಲರಿಗಿಂತ ಮೊದಲು ಬರುವ ಆಕ್ಷೇಪ ಇದೇ. ಚಿತ್ರ ಬಂದಾಗ ಕ್ರಿಸ್ಟಾಫರ್ಸನ್ ಅವರಿಗೆ 49. ವೇನ್ ಅದೇ ಪಾತ್ರ ಮಾಡಿದಾಗ ಅವರಿಗೆ 31.

ವೇನ್ ತೆರೆಗೆ ಬರುವ ಆ ಷಾಟು ನೆನಪಿದೆಯೇ? ಬಂದೂಕಿನ ಸದ್ದು, "ಹೋಲ್ಡ್ ಇಟ್!" ಎಂಬ ಕೂಗು. ದಾರಿ ಬದಿಯಲ್ಲಿ ಒಂದು ಕೈಯಲ್ಲಿ ಜೀನು, ಇನ್ನೊಂದು ಕೈಯಲ್ಲಿ ವಿಂಚೆಸ್ಟರ್ ಹಿಡಿದು ನಿಂತ ಹುಡುಗ ಬಂದೂಕನ್ನು ಒಂದು ಸುತ್ತು ತಿರುಗಿಸುತ್ತಾನೆ. ಕ್ಯಾಮೆರಾ ಅವನ ಮುಖದತ್ತ ನುಗ್ಗುತ್ತದೆ. ನಡುವೆ ಒಂದು ಕ್ಷಣ ಫೋಕಸ್ ಮಸುಕಾಗಿ ಮತ್ತೆ ಸ್ಪಷ್ಟವಾಗುತ್ತದೆ. ಮುಖದ ಮೇಲೆ ಬೆವರು, ಧೂಳು. ಹತ್ತು ವರ್ಷ ಅಗ್ಗದ ಚಿತ್ರಗಳಲ್ಲಿ ಕಳೆದುಹೋಗಿದ್ದ ನಟನೊಬ್ಬ ಆ ಒಂದು ಷಾಟಿನಲ್ಲಿ ತಾರೆಯಾದರು. ಅದನ್ನು ಯಾರೂ ಮತ್ತೆ ತೆಗೆಯಲಾರರು.

ಕ್ರಿಸ್ಟಾಫರ್ಸನ್ ಆ ದಾರಿಗೇ ಹೋಗುವುದಿಲ್ಲ. ಅವರ ರಿಂಗೋ ಬಳಲಿದವನು, ಗಂಟಲು ಒರಟು, ಕಣ್ಣ ಸುತ್ತ ಗೆರೆ. ಡಲ್ಲಾಸ್ ಪಾತ್ರದ ಎಲಿಜಬೆತ್ ಆ್ಯಶ್ಲಿ ಹುಟ್ಟಿದ್ದು 1939ರಲ್ಲಿ, ಅಂದರೆ ಮೂಲ ಚಿತ್ರ ಬಂದ ವರ್ಷವೇ. ಇಬ್ಬರೂ ಐವತ್ತರ ಹತ್ತಿರ. ಹೊಸ ಬಾಳು ಕಟ್ಟೋಣ ಅಂತ ಇಪ್ಪತ್ತೈದರ ಹುಡುಗ ಹುಡುಗಿ ಹೇಳಿದರೆ ಅದು ಆಸೆ. ಅದೇ ಮಾತನ್ನು ಈ ವಯಸ್ಸಿನವರು ಆಡಿದರೆ ಅದರ ಹಿಂದೆ ಎಷ್ಟು ಸೋಲುಗಳಿವೆಯೋ ಅಂತ ಎದೆ ಭಾರವಾಗುತ್ತದೆ. ನನ್ನ ಮಟ್ಟಿಗೆ ಈ ಪ್ರೇಮಕಥೆ ಟಿವಿ ಚಿತ್ರದಲ್ಲೇ ಹೆಚ್ಚು ಮುಟ್ಟುತ್ತದೆ. ಫೋರ್ಡ್ ಅಭಿಮಾನಿಗಳು ಒಪ್ಪುವುದಿಲ್ಲ, ಗೊತ್ತು. ಆದರೂ ಇದರಲ್ಲಿ ನಾನು ಮಾತು ಬದಲಿಸುವುದಿಲ್ಲ.

ಡಾಕ್ಟರ್ ಬೂನ್ ಹೋಗಿ ಡಾಕ್ ಹಾಲಿಡೇ ಯಾಕೆ ಬಂದ?

ಮೂಲದ ಕುಡುಕ ವೈದ್ಯ ಡಾಕ್ಟರ್ ಬೂನ್ ಕಾಲ್ಪನಿಕ ಪಾತ್ರ. ಅದನ್ನು ಮಾಡಿದ ಥಾಮಸ್ ಮಿಚೆಲ್ ಆಸ್ಕರ್ ಪಡೆದರು. ಟಿವಿ ಚಿತ್ರ ಆ ಜಾಗದಲ್ಲಿ ಇತಿಹಾಸದ ಡಾಕ್ ಹಾಲಿಡೇಯನ್ನು ಕೂರಿಸಿತು. ವಿಲ್ಲಿ ನೆಲ್ಸನ್ ಮಾಡಿರುವುದು ಆ ಪಾತ್ರ.

ನಿಜವಾದ ಜಾನ್ ಹೆನ್ರಿ ಹಾಲಿಡೇ ಹುಟ್ಟಿದ್ದು 1851ರಲ್ಲಿ, ಜಾರ್ಜಿಯಾದಲ್ಲಿ. ಫಿಲಡೆಲ್ಫಿಯಾದಲ್ಲಿ ದಂತವೈದ್ಯ ಕಲಿತರು. ಕ್ಷಯ ಹತ್ತಿತು. ಒಣ ಹವೆ ಒಳ್ಳೆಯದೆಂದು ಪಶ್ಚಿಮಕ್ಕೆ ಬಂದು, ಕೆಮ್ಮುವ ವೈದ್ಯರ ಹತ್ತಿರ ಹಲ್ಲು ತೋರಿಸಲು ಯಾರೂ ಬರದೆ, ಜೂಜಿಗೆ ಇಳಿದರು. 1881ರ ಅಕ್ಟೋಬರ್ 26ರಂದು ಟೂಂಬ್‌ಸ್ಟೋನ್ ಊರಿನ ಓ.ಕೆ. ಕೊರಾಲ್ ಗುಂಡಿನ ಕಾಳಗದಲ್ಲಿ ಊರಿನ ಕಾನೂನು ಕಾಯುತ್ತಿದ್ದ ಅರ್ಪ್ ಸೋದರರ ಪಕ್ಕ ನಿಂತಿದ್ದರು. 1887ರಲ್ಲಿ ಕೊಲರಾಡೋದಲ್ಲಿ, 36ನೇ ವಯಸ್ಸಿಗೆ ತೀರಿಕೊಂಡರು.

ಹಾಲಿಡೇ ಈ ಸಾರೋಟಿನಲ್ಲಿ ಹೋದದ್ದು ಇತಿಹಾಸವಲ್ಲ, ಚಿತ್ರದ ಕಲ್ಪನೆ. ಈ ಬದಲಾವಣೆ ನನಗೆ ಪೂರ್ತಿ ಹಿಡಿಸುವುದಿಲ್ಲ. ಬೂನ್‌ನಲ್ಲಿ ಒಂದು ಸಾಮಾನ್ಯತನ ಇತ್ತು. ಎಲ್ಲ ಊರಲ್ಲೂ ಸಿಗುವಂಥ, ಕುಡಿತಕ್ಕೆ ಸೋತ ಬುದ್ಧಿವಂತ. ಹಾಲಿಡೇ ಬಂದಕೂಡಲೇ ದಂತಕಥೆಯೊಂದು ಗಾಡಿ ಹತ್ತಿ ಕೂತುಬಿಡುತ್ತದೆ. ಆದರೆ ನೆಲ್ಸನ್ ಅದನ್ನು ಅಬ್ಬರಿಸದೆ ಮಾಡಿದ್ದಾರೆ. ಹಾಡುವಾಗ ತಾಳಕ್ಕಿಂತ ಕೂದಲೆಳೆ ಹಿಂದೆ ಮುಂದೆ ನಡೆಯುವುದು ಅವರ ಅಭ್ಯಾಸ. ಮಾತಿನಲ್ಲೂ ಅದೇ ನಡೆ. ಅದನ್ನು ಕೇಳುತ್ತಾ ಕೂರುವುದೇ ಒಂದು ಸುಖ.

ಉಳಿದ ಪಾತ್ರಗಳಲ್ಲಿ ಯಾರು ಯಾರಿದ್ದಾರೆ?

ಹ್ಯಾಟ್‌ಫೀಲ್ಡ್ ಆಗಿ ವೇಲನ್ ಜೆನಿಂಗ್ಸ್. ಈ ಮನುಷ್ಯನ ಬದುಕಿನ ಒಂದು ಸಂಗತಿ ಗೊತ್ತಿದ್ದರೆ ಅವರ ಜೂಜುಗಾರ ಬೇರೆಯೇ ಆಗಿ ಕಾಣುತ್ತಾನೆ. 1959ರಲ್ಲಿ ಅವರು ರಾಕ್ ಗಾಯಕ ಬಡ್ಡಿ ಹಾಲಿ ತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ ಹುಡುಗ. ಫೆಬ್ರವರಿ 3ರಂದು ಅಯೋವಾದಲ್ಲಿ ಬಿದ್ದ ಪುಟ್ಟ ವಿಮಾನದಲ್ಲಿ ಅವರಿಗೂ ಸೀಟಿತ್ತು. ಜ್ವರ ಬಂದಿದ್ದ ಇನ್ನೊಬ್ಬ ಗಾಯಕನಿಗೆ ಅದನ್ನು ಬಿಟ್ಟುಕೊಟ್ಟು ಬಸ್ಸಿನಲ್ಲಿ ಹೋದರು. ವಿಮಾನದಲ್ಲಿದ್ದವರು ಯಾರೂ ಉಳಿಯಲಿಲ್ಲ. ಅದೃಷ್ಟದ ಮೇಲೆ ಬದುಕುವ ಪಾತ್ರ ಅವರ ಮುಖಕ್ಕೆ ಬಂದಾಗ ನನಗೆ ಪ್ರತಿ ಸಲ ಆ ಸೀಟಿನ ನೆನಪಾಗುತ್ತದೆ.

ಗಾಡಿ ಹೊಡೆಯುವ ಬಕ್ ಪಾತ್ರದಲ್ಲಿ ಜಾನ್ ಶ್ನೈಡರ್. 'ದಿ ಡ್ಯೂಕ್ಸ್ ಆಫ್ ಹ್ಯಾಜರ್ಡ್' ಧಾರಾವಾಹಿಯ ಬೋ ಡ್ಯೂಕ್ ಅವರೇ. ಆ ಧಾರಾವಾಹಿಯ ನಿರೂಪಕನ ದನಿ, ಶೀರ್ಷಿಕೆ ಗೀತೆ ಎರಡೂ ಜೆನಿಂಗ್ಸ್ ಅವರದು. ಗೇಟ್‌ವುಡ್ ಆಗಿ ಟೋನಿ ಫ್ರಾನ್ಸಿಯೋಸಾ. ಪೀಕಾಕ್ ಆಗಿ ಇಂಗ್ಲೆಂಡಿನ ಆ್ಯಂಟನಿ ನ್ಯೂಲಿ. ಜೇಮ್ಸ್ ಬಾಂಡ್‌ನ 'ಗೋಲ್ಡ್‌ಫಿಂಗರ್' ಹಾಡಿನ ಸಾಹಿತ್ಯ ಬರೆದವರಲ್ಲಿ ಇವರೂ ಒಬ್ಬರು. ಹಾಗಾಗಿ ಈ ಗಾಡಿಯಲ್ಲಿ ಹಾಡು ಕಟ್ಟುವವರು ಒಟ್ಟು ಐವರು.

ಜಾನಿ ಕ್ಯಾಶ್ ಅವರ ಹೆಂಡತಿ ಜೂನ್ ಕಾರ್ಟರ್ ಕ್ಯಾಶ್, ಜೆನಿಂಗ್ಸ್ ಅವರ ಹೆಂಡತಿ ಜೆಸ್ಸಿ ಕೋಲ್ಟರ್ ಇಬ್ಬರೂ ಸಣ್ಣ ಪಾತ್ರಗಳಲ್ಲಿದ್ದಾರೆ. ಇಬ್ಬರೂ ಸ್ವಂತ ಹೆಸರು ಮಾಡಿದ ಗಾಯಕಿಯರು. ಇಡೀ ಚಿತ್ರಕ್ಕೆ ಒಂದು ಮನೆಯ ವಾತಾವರಣ ಬಂದಿದ್ದರೆ ಅದರಲ್ಲಿ ಇವರ ಪಾಲೂ ಇದೆ.

ನಡುವೆ ಇನ್ನೊಂದು ರೀಮೇಕ್ ಬಂದಿತ್ತಂತಲ್ಲ?

ಹೌದು, 1966ರಲ್ಲಿ, ಚಿತ್ರಮಂದಿರಕ್ಕೆ, ಬಣ್ಣದಲ್ಲಿ. ನಿರ್ದೇಶಕ ಗಾರ್ಡನ್ ಡಗ್ಲಸ್. ರಿಂಗೋ ಆಗಿ ಅಲೆಕ್ಸ್ ಕಾರ್ಡ್, ಡಲ್ಲಾಸ್ ಆಗಿ ಆ್ಯನ್-ಮಾರ್ಗರೆಟ್. ಕುಡುಕ ವೈದ್ಯರಾಗಿ ಹೆಸರಾಂತ ಗಾಯಕ ಬಿಂಗ್ ಕ್ರಾಸ್ಬಿ.

ಇಲ್ಲೊಂದು ಸೊಗಸಾದ ಕೊಂಡಿ ಇದೆ. 1986ರ ಚಿತ್ರದಲ್ಲಿ ಲೂಸಿ ಮ್ಯಾಲರಿ ಆದವರು ಮೇರಿ ಕ್ರಾಸ್ಬಿ, ಅದೇ ಬಿಂಗ್ ಕ್ರಾಸ್ಬಿ ಅವರ ಮಗಳು. ಅಪ್ಪ ವೈದ್ಯನಾಗಿ ಪ್ರಯಾಣ ಮಾಡಿದ ಕಥೆಯಲ್ಲೇ ಇಪ್ಪತ್ತು ವರ್ಷದ ನಂತರ ಮಗಳು ಗರ್ಭಿಣಿಯಾಗಿ ಹೊರಟಳು. 'ಡಲ್ಲಾಸ್' ಧಾರಾವಾಹಿಯಲ್ಲಿ ಜೆ.ಆರ್. ಮೇಲೆ ಗುಂಡು ಹಾರಿಸಿದವಳು ಎಂದು ಅಮೆರಿಕದ ಮನೆಮನೆಗೂ ಆಗಲೇ ಅವರ ಪರಿಚಯವಿತ್ತು.

ಚಿತ್ರೀಕರಣ ಎಲ್ಲಿ ನಡೆಯಿತು? ಮಾನ್ಯುಮೆಂಟ್ ವ್ಯಾಲಿಯಲ್ಲೇ?

ಮಾನ್ಯುಮೆಂಟ್ ವ್ಯಾಲಿ ಫೋರ್ಡ್ ಅವರದು. ಅರಿಜೋನಾ-ಯೂಟಾ ಗಡಿಯ ಆ ಕೆಂಪು ಬಂಡೆಗಳ ನಾಡಿನಲ್ಲಿ ಅವರು ಮೊದಲು ಕ್ಯಾಮೆರಾ ಇಟ್ಟದ್ದು 1939ರ ಚಿತ್ರಕ್ಕೇ. ಟಿವಿ ಚಿತ್ರದ ತಂಡ ಹೋದದ್ದು ದಕ್ಷಿಣಕ್ಕೆ, ಟೂಸಾನ್ ಸುತ್ತಮುತ್ತಲಿಗೆ.

ಮಾನ್ಯುಮೆಂಟ್ ವ್ಯಾಲಿಯ ಭವ್ಯತೆ ಇಲ್ಲಿಲ್ಲ ಎಂದು ದೂರುವವರಿಗೆ ಒಂದು ಮಾತು. ಕಥೆಯ ಗುರಿ ಲಾರ್ಡ್ಸ್‌ಬರ್ಗ್ ನಿಜವಾದ ಊರು. 1880ರಲ್ಲಿ ಸದರ್ನ್ ಪೆಸಿಫಿಕ್ ರೈಲು ಮಾರ್ಗದ ಜತೆ ಹುಟ್ಟಿದ್ದು. ಟೂಸಾನ್‌ನಿಂದ ಪೂರ್ವಕ್ಕೆ ಸುಮಾರು 150 ಮೈಲಿ. ಅಪಾಚೆಗಳು ಮತ್ತು ಸೈನ್ಯದ ನಡುವಿನ ಹೋರಾಟ ನಡೆದದ್ದೂ ಈ ದಕ್ಷಿಣದ ನಾಡಿನಲ್ಲೇ. ಅಂದರೆ ಕಥೆಯ ನಿಜವಾದ ದಾರಿಗೆ ಟಿವಿ ಚಿತ್ರದ ನೆಲವೇ ಹತ್ತಿರ. ಕಂದು ಬಣ್ಣದ ಒಣ ಮಣ್ಣು, ಮುಳ್ಳಿನ ಪೊದೆ, ಕುರುಚಲು ಹುಲ್ಲು, ದೂರದಲ್ಲಿ ಬೋಳು ಗುಡ್ಡ. ಫೀನಿಕ್ಸ್‌ನಲ್ಲೋ ಟೂಸಾನ್‌ನಲ್ಲೋ ಕೆಲಸದಲ್ಲಿರುವ ಕನ್ನಡಿಗರು ರಜೆಯಲ್ಲಿ ಪೂರ್ವದ ಕಡೆ ಕಾರು ಹೊಡೆದಿದ್ದರೆ ಐ-10 ಹೆದ್ದಾರಿಯಲ್ಲಿ ಲಾರ್ಡ್ಸ್‌ಬರ್ಗ್ ದಾಟಿಯೇ ಹೋಗಿರುತ್ತಾರೆ.

ಊರಿನ ದೃಶ್ಯಗಳಿಗೆ ಬಳಕೆಯಾದ ಓಲ್ಡ್ ಟೂಸಾನ್ ಎಂಬ ಸಿನಿಮಾ ಊರನ್ನು ಕಟ್ಟಿದ್ದು 1939ರಲ್ಲಿ, ಕೊಲಂಬಿಯಾ ಸಂಸ್ಥೆಯ ಬೇರೊಂದು ಚಿತ್ರಕ್ಕೆ. 1995ರ ಏಪ್ರಿಲ್‌ನಲ್ಲಿ ಅಲ್ಲಿ ಬೆಂಕಿ ಬಿದ್ದು ಬಹುಪಾಲು ಸುಟ್ಟುಹೋಯಿತು. ಈಗ ಹೋದರೆ ಕಾಣುವುದರಲ್ಲಿ ಹೆಚ್ಚಿನದು ಮತ್ತೆ ಕಟ್ಟಿದ್ದು. ಹಳೆಯ ಆ ಬೀದಿ, ಆ ಮರದ ಜಗಲಿಗಳನ್ನು ನೋಡಬೇಕೆಂದರೆ ಇಂಥ ಚಿತ್ರಗಳೇ ಗತಿ.

ಆ ಕಾಲದಲ್ಲಿ ಸಾರೋಟು ಪ್ರಯಾಣ ನಿಜಕ್ಕೂ ಹೀಗಿತ್ತೇ?

ನಿಜವಾದ ಪ್ರಯಾಣ ಇದಕ್ಕಿಂತ ಕಷ್ಟದ್ದು. ಹೆಸರಾದ ಸಾರೋಟುಗಳನ್ನು ನ್ಯೂ ಹ್ಯಾಂಪ್‌ಶೈರ್‌ನ ಕಾಂಕರ್ಡ್ ಊರಿನಲ್ಲಿ ಅಬಟ್-ಡೌನಿಂಗ್ ಕಂಪನಿ ಮಾಡುತ್ತಿತ್ತು. ಅವುಗಳಿಗೆ ಕಬ್ಬಿಣದ ಸ್ಪ್ರಿಂಗ್ ಇರಲಿಲ್ಲ. ಎತ್ತಿನ ಚರ್ಮದ ದಪ್ಪ ಪಟ್ಟಿಗಳನ್ನು ಪದರ ಪದರವಾಗಿ ಜೋಡಿಸಿ, ಚಕ್ರದ ಚೌಕಟ್ಟಿಗೆ ಮುಂದೆ ಹಿಂದೆ ಬಿಗಿದು, ಅವುಗಳ ಮೇಲೆ ಇಡೀ ಪೆಟ್ಟಿಗೆಯನ್ನು ತೂಗುಹಾಕುತ್ತಿದ್ದರು. ಹಳ್ಳ ದಿಣ್ಣೆ ಬಂದಾಗ ಗಾಡಿ ಎತ್ತಿ ಹಾಕುವ ಬದಲು ಮುಂದಕ್ಕೆ ಹಿಂದಕ್ಕೆ ಓಲಾಡುತ್ತಿತ್ತು. ಚಿತ್ರದಲ್ಲಿ ಗಾಡಿ ನಿಂತ ಮೇಲೂ ಪೆಟ್ಟಿಗೆ ಸ್ವಲ್ಪ ಹೊತ್ತು ತೂಗುವುದನ್ನು ನೋಡಿ, ಅದು ಈ ಪಟ್ಟಿಗಳ ಕೆಲಸ. ಒಳಗೆ ಮೂರು ಬೆಂಚು, ಒಂಬತ್ತು ಜನ. ನಡುವಿನ ಬೆಂಚಿಗೆ ಒರಗಲು ಹಲಗೆ ಇರುತ್ತಿರಲಿಲ್ಲ, ಒಂದು ಚರ್ಮದ ಪಟ್ಟಿ ಮಾತ್ರ. ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರಬೇಕು.

ಈ ದಕ್ಷಿಣದ ದಾರಿಯಲ್ಲಿ 1858ರಿಂದ 1861ರವರೆಗೆ ಬಟರ್‌ಫೀಲ್ಡ್ ಕಂಪನಿಯ ಅಂಚೆ ಸಾರೋಟುಗಳು ಓಡುತ್ತಿದ್ದವು. ಮಿಸೌರಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 2,800 ಮೈಲಿ, 25 ದಿನದ ಗಡುವು, ಹಗಲು ರಾತ್ರಿ ಓಟ. ದಾರಿಯ ತಂಗುದಾಣಗಳಲ್ಲಿ ಕುದುರೆಯನ್ನೋ ಹೇಸರಗತ್ತೆಯನ್ನೋ ಬದಲಿಸಿ ಮತ್ತೆ ಹೊರಡುವುದು. ಹಾಗೆ ದಿನಗಟ್ಟಲೆ ಕೂತರೆ ಯಾರ ಮುಖವಾಡವೂ ಉಳಿಯದು. ಕಥೆಗಾರರಿಗೆ ಈ ಗಾಡಿ ಹಿಡಿಸಿದ್ದು ಅದಕ್ಕೇ.

ಅಪಾಚೆಗಳನ್ನು ಬರೀ ಕೊಲ್ಲುವವರಂತೆ ತೋರಿಸಿದ್ದಾರಲ್ಲ, ಇದು ಇಂದು ಒಪ್ಪಿತವೇ?

ಒಪ್ಪಿತವಲ್ಲ. ಈ ಕಥೆಯ ದೊಡ್ಡ ಕೊರತೆ ಇದು. ಪ್ರೀತಿಯ ಚಿತ್ರ ಅಂತ ಇದನ್ನು ಮುಚ್ಚಿಡಲಾಗದು.

1939ರ ಚಿತ್ರದಲ್ಲಿ ಅಪಾಚೆಗಳಿಗೆ ಮುಖವಿದೆ, ಮಾತಿಲ್ಲ. ಆ ಪಾತ್ರಗಳಲ್ಲಿ ಕುದುರೆ ಏರಿದವರಲ್ಲಿ ಹಲವರು ನಿಜದಲ್ಲಿ ನವಾಹೋ ಎಂಬ ಬೇರೊಂದು ಬುಡಕಟ್ಟಿನ ಜನ. ಅವರು ಯಾಕೆ ದಾಳಿ ಮಾಡುತ್ತಾರೆ ಎಂಬ ಪ್ರಶ್ನೆಯನ್ನು ಕಥೆ ಕೇಳುವುದೇ ಇಲ್ಲ. ಇತಿಹಾಸ ಕೇಳಿದರೆ ಉತ್ತರ ಸ್ಪಷ್ಟವಿದೆ. ಸ್ವಂತ ಗುಡ್ಡಗಾಡಿನಿಂದ ಎಬ್ಬಿಸಿ ಸ್ಯಾನ್ ಕಾರ್ಲೋಸ್ ಎಂಬ ಸುಡು ಬಯಲಿನ ಮೀಸಲು ಪ್ರದೇಶಕ್ಕೆ ಅವರನ್ನು ತಳ್ಳಿದ್ದರು. ಅಪಾಚೆ ನಾಯಕ ಜೆರೊನಿಮೋ ಅಲ್ಲಿಂದ ಮತ್ತೆ ಮತ್ತೆ ತಪ್ಪಿಸಿಕೊಂಡು ಹೋರಾಡಿ ಕೊನೆಗೆ ಶರಣಾದದ್ದು 1886ರ ಸೆಪ್ಟೆಂಬರ್‌ನಲ್ಲಿ, ಅರಿಜೋನಾ-ನ್ಯೂ ಮೆಕ್ಸಿಕೋ ಗಡಿಯ ಸ್ಕೆಲಿಟನ್ ಕಣಿವೆಯಲ್ಲಿ. ಆಮೇಲೆ ಚಿರಿಕಾಹುವಾ ಅಪಾಚೆಗಳನ್ನು ಹೆಂಗಸರು ಮಕ್ಕಳು ಸಮೇತ ರೈಲಿಗೆ ತುಂಬಿ ಫ್ಲಾರಿಡಾಕ್ಕೆ ಕಳಿಸಿದರು. ಸೈನ್ಯಕ್ಕೆ ದಾರಿ ತೋರಿಸಿ ನೆರವಾದ ಅಪಾಚೆಗಳನ್ನೂ ಬಿಡಲಿಲ್ಲ. 27 ವರ್ಷ ಅವರು ಯುದ್ಧ ಕೈದಿಗಳು. ಜೆರೊನಿಮೋ 1909ರಲ್ಲಿ ಒಕ್ಲಹೋಮಾದ ಫೋರ್ಟ್ ಸಿಲ್‌ನಲ್ಲಿ ಕೈದಿಯಾಗಿಯೇ ಸತ್ತರು. ಟಿವಿ ಚಿತ್ರ ಬಂದದ್ದು ಆ ಶರಣಾಗತಿಗೆ ಸರಿಯಾಗಿ ನೂರು ತುಂಬಿದ ವರ್ಷ.

ಜಾನಿ ಕ್ಯಾಶ್ ವಿಷಯದಲ್ಲಿ ಈ ನೋವು ಇನ್ನೂ ಚುಚ್ಚುತ್ತದೆ. ಮೂಲನಿವಾಸಿಗಳಿಗೆ ಆದ ಅನ್ಯಾಯದ ಬಗ್ಗೆ 1964ರಲ್ಲೇ ಇಡೀ ಒಂದು ಆಲ್ಬಮ್ ಮಾಡಿದವರು ಅವರು. ಅದರಲ್ಲಿ ಐರಾ ಹೇಯ್ಸ್ ಎಂಬ ಪೀಮಾ ಬುಡಕಟ್ಟಿನ ಯೋಧನ ಹಾಡಿದೆ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಐವೋ ಜಿಮಾ ದ್ವೀಪದಲ್ಲಿ ಅಮೆರಿಕದ ಬಾವುಟ ಎತ್ತಿದವರಲ್ಲಿ ಒಬ್ಬ, ಮರಳಿ ಬಂದ ಮೇಲೆ ಬಡತನ ಮತ್ತು ಕುಡಿತದಲ್ಲಿ ಸತ್ತವನು. ಅವನ ಊರೂ ಅರಿಜೋನಾದ್ದೇ. ರೇಡಿಯೋದವರು ಆ ಹಾಡು ಹಾಕಲು ಹಿಂಜರಿದಾಗ ಕ್ಯಾಶ್ ಬಿಲ್‌ಬೋರ್ಡ್ ಪತ್ರಿಕೆಯಲ್ಲಿ ದುಡ್ಡು ಕೊಟ್ಟು ಪುಟ ಪಡೆದು, ನಿಮ್ಮ ಧೈರ್ಯ ಎಲ್ಲಿ ಹೋಯಿತು ಎಂದು ಕೇಳಿದ್ದರು. ಅಂಥವರು ಈ ಚಿತ್ರದಲ್ಲಿ ಬಂದೂಕು ಹಿಡಿದು ಮೇಲಿನ ಸೀಟಿನಲ್ಲಿ ಕೂತಿದ್ದಾರೆ. ಚಿತ್ರ ನೋಡುವವರು ಆ ಆಲ್ಬಮ್ಮನ್ನೂ ಕೇಳಬೇಕು. ಎರಡನ್ನೂ ಬಲ್ಲವರಿಗೇ ಕ್ಯಾಶ್ ಪೂರ್ತಿ ಸಿಗುವುದು.

ಫೋರ್ಡ್ ಚಿತ್ರದ ಮುಂದೆ ಇದು ಸಪ್ಪೆ ಅನ್ನಿಸುವುದಿಲ್ಲವೇ?

ಸಾಹಸದಲ್ಲಿ ಖಂಡಿತ ಸಪ್ಪೆ. ಫೋರ್ಡ್ ಚಿತ್ರದ ಬೆನ್ನಟ್ಟುವ ದೃಶ್ಯದಲ್ಲಿ ಯಾಕಿಮಾ ಕನುಟ್ ಮಾಡಿದ ಸಾಹಸವನ್ನು ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ. ಓಡುವ ಕುದುರೆಯಿಂದ ಗಾಡಿಯ ಮುಂಚೂಣಿ ಕುದುರೆಗಳ ಮೇಲೆ ಹಾರಿ, ಗುಂಡೇಟು ಬಿದ್ದಂತೆ ಅವುಗಳ ನಡುವೆ ಜಾರಿ, ನೆಲದಲ್ಲಿ ಎಳೆಸಿಕೊಂಡು ಕೈ ಬಿಡುತ್ತಾರೆ. ಕುದುರೆಗಳ ಗೊರಸು, ಗಾಡಿಯ ಚಕ್ರ ಎಲ್ಲ ಅವರ ಎರಡೂ ಪಕ್ಕದಿಂದ ಹಾದುಹೋಗುತ್ತವೆ. ಆರ್ಸನ್ ವೆಲ್ಸ್ ತಮ್ಮ ಮೊದಲ ಚಿತ್ರ ತೆಗೆಯುವ ಮೊದಲು ಸಿನಿಮಾ ಕಲಿಯಲು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದ ಚಿತ್ರ ಅದು. ಟಿವಿಯ ಬಜೆಟ್ಟಿನಲ್ಲಿ ಅದಕ್ಕೆ ಸರಿಸಾಟಿ ಬರುವುದು ಸಾಧ್ಯವಿರಲಿಲ್ಲ.

ಟೆಡ್ ಪೋಸ್ಟ್ ಅದಕ್ಕೆ ಪೈಪೋಟಿಗೂ ಇಳಿದಿಲ್ಲ. 'ಗನ್‌ಸ್ಮೋಕ್', 'ರಾಹೈಡ್' ಧಾರಾವಾಹಿಗಳ ಕಂತುಗಳನ್ನು ತೆಗೆದು ಪಳಗಿದ ಕೈ ಅವರದು, ಕ್ಲಿಂಟ್ ಈಸ್ಟ್‌ವುಡ್ ಜತೆ ದೊಡ್ಡ ಪರದೆಗೂ ಎರಡು ಚಿತ್ರ ಮಾಡಿದವರು. ಸಣ್ಣ ಪರದೆಗೆ ಮುಖಗಳು ಸಾಕು ಎಂದು ಅವರಿಗೆ ಗೊತ್ತಿತ್ತು.

ಇಷ್ಟೆಲ್ಲ ಇದ್ದೂ ಜನ ಯಾಕೆ ಮರೆತರು?

ಟಿವಿ ಚಿತ್ರಗಳ ಹಣೆಬರಹವೇ ಅದು. ಒಂದು ರಾತ್ರಿ ಬರುತ್ತದೆ, ಆಮೇಲೆ ಯಾವುದೋ ಮಧ್ಯಾಹ್ನ ಮರುಪ್ರಸಾರ. ಚಿತ್ರಮಂದಿರದ ಚಿತ್ರದಂತೆ ಪೋಸ್ಟರು, ವಾರಗಟ್ಟಲೆ ಓಟ, ವಿಮರ್ಶಕರ ಪಟ್ಟಿ ಯಾವುದೂ ಇಲ್ಲ. ಎಂಬತ್ತರ ದಶಕದಲ್ಲಿ ಕೌಬಾಯ್ ಚಿತ್ರಗಳ ಕಾಲವೂ ಇಳಿದಿತ್ತು. ಜತೆಗೆ ಹೆಸರು ಅದೇ ಇಟ್ಟದ್ದರಿಂದ ಹುಡುಕಿದಾಗಲೆಲ್ಲ ಫೋರ್ಡ್ ಚಿತ್ರವೇ ಮುಂದೆ ಬರುತ್ತದೆ. ಇದಕ್ಕೆ ಬೇರೆ ಹೆಸರಿಟ್ಟಿದ್ದರೆ ಇನ್ನಷ್ಟು ಜನರಿಗೆ ಸಿಗುತ್ತಿತ್ತೇನೋ.

ನಿಮಗೆ ಇದು ಹೇಗೆ ಸಿಕ್ಕಿತು?

ಅರಿಜೋನಾದಲ್ಲಿದ್ದಾಗ ಪಕ್ಕದ ಮನೆಯ ಅಜ್ಜ ಕೊಟ್ಟ ವಿಎಚ್‌ಎಸ್ ಕ್ಯಾಸೆಟ್ಟಿನಿಂದ. ಟಿವಿಯಿಂದಲೇ ರೆಕಾರ್ಡ್ ಮಾಡಿಕೊಂಡದ್ದು. ಬೆನ್ನಿನ ಮೇಲಿನ ಚೀಟಿಯಲ್ಲಿ ಪೆನ್ಸಿಲಿನಲ್ಲಿ ಚಿತ್ರದ ಹೆಸರಿಲ್ಲ, "ಜಾನಿ, ವಿಲ್ಲಿ, ವೇಲನ್, ಕ್ರಿಸ್" ಎಂಬ ನಾಲ್ಕು ಹೆಸರು ಮಾತ್ರ. ಜಾಹೀರಾತು ಬಂದಾಗ ರೆಕಾರ್ಡಿಂಗ್ ನಿಲ್ಲಿಸಿ ಮತ್ತೆ ಶುರು ಮಾಡಿದ್ದರಿಂದ ಪ್ರತಿ ಭಾಗದ ಮೊದಲ ಎರಡು ಮಾತು ತುಂಡಾಗಿದ್ದವು. ಅಜ್ಜನಿಗೆ ಆ ಮಾತುಗಳು ಬಾಯಿಪಾಠ, ಪಕ್ಕದಲ್ಲಿ ಕೂತು ತಾವೇ ಹೇಳುತ್ತಿದ್ದರು.

ಈಗ ನೋಡಬೇಕೆಂದರೆ?

ಹಳೆಯ ಡಿವಿಡಿ ಹುಡುಕಿ. ಒಂದೂವರೆ ಗಂಟೆಗಿಂತ ತುಸು ಹೆಚ್ಚಿನ ಚಿತ್ರ. ಹಳೆಯ ಟಿವಿಯ ಚೌಕ ಪರದೆಗೆ ತೆಗೆದದ್ದು, ಆದ್ದರಿಂದ ಈಗಿನ ಅಗಲ ಟಿವಿಯಲ್ಲಿ ಎಳೆದು ಹಿಗ್ಗಿಸಬೇಡಿ. ಅಕ್ಕಪಕ್ಕ ಕಪ್ಪು ಪಟ್ಟಿ ಬಂದರೆ ಬರಲಿ. ಟೆಕ್ಸಾಸ್, ಅರ್ಕನ್ಸಾ ಕಡೆಯ ಎಳೆದಾಡುವ ಇಂಗ್ಲಿಷ್ ಮೊದಲಿಗೆ ಕಿವಿಗೆ ಹತ್ತದಿದ್ದರೆ ಸಬ್‌ಟೈಟಲ್ ಇರುವ ಪ್ರತಿಯೇ ವಾಸಿ.

ಮೊದಲು ಯಾವುದನ್ನು ನೋಡಲಿ, ಫೋರ್ಡ್ ಚಿತ್ರವೋ ಇದೋ?

ಫೋರ್ಡ್ ಚಿತ್ರ ಮೊದಲು. 96 ನಿಮಿಷ, ಒಂದು ದೃಶ್ಯವೂ ವ್ಯರ್ಥವಿಲ್ಲ. ಎರಡನೆಯದನ್ನು ಮರುದಿನವೇ ನೋಡಬೇಡಿ. ಕೆಲವು ವಾರ ಬಿಡಿ. ಆ ನಡುವೆ ನಾಲ್ವರ 1985ರ ಆಲ್ಬಮ್ ಕೇಳಿ. ದನಿಗಳು ಪರಿಚಯವಾದ ಮೇಲೆ ಚಿತ್ರ ನೋಡಿದರೆ ಗಾಡಿಯೊಳಗೆ ನಿಮಗೂ ಗುರುತಿನವರು ಇರುತ್ತಾರೆ.

ಮಕ್ಕಳ ಜತೆ ನೋಡಬಹುದೇ?

ಹೈಸ್ಕೂಲು ಮಕ್ಕಳ ಜತೆ ಧಾರಾಳವಾಗಿ ನೋಡಬಹುದು. ಗುಂಡು, ಸಾವು ಇವೆ, ಆದರೆ ಟಿವಿಯ ಮಿತಿಯಲ್ಲಿ. ಡಲ್ಲಾಸ್‌ಳನ್ನು ಊರಿನಿಂದ ಯಾಕೆ ಓಡಿಸಿದರು ಎಂದು ಅವರು ಕೇಳುತ್ತಾರೆ. ಅಪಾಚೆಗಳ ಬಗ್ಗೆಯೂ ಕೇಳಬೇಕು, ಕೇಳದಿದ್ದರೆ ನೀವೇ ಮಾತು ತೆಗೆಯಿರಿ.

ನಾಲ್ವರಲ್ಲಿ ಈಗ ಯಾರಿದ್ದಾರೆ?

ಜೆನಿಂಗ್ಸ್ 2002ರಲ್ಲಿ ತೀರಿಕೊಂಡರು. 2003ರ ಮೇ ತಿಂಗಳಲ್ಲಿ ಜೂನ್ ಕಾರ್ಟರ್, ಅದೇ ಸೆಪ್ಟೆಂಬರ್‌ನಲ್ಲಿ ಜಾನಿ ಕ್ಯಾಶ್. ಕ್ರಿಸ್ಟಾಫರ್ಸನ್ 2024ರ ಸೆಪ್ಟೆಂಬರ್‌ನಲ್ಲಿ. ಗುಂಪಿನಲ್ಲಿ ಕ್ಯಾಶ್ ಬಿಟ್ಟರೆ ಎಲ್ಲರಿಗಿಂತ ಹಿರಿಯರಾದ, 1933ರಲ್ಲಿ ಹುಟ್ಟಿದ ವಿಲ್ಲಿ ನೆಲ್ಸನ್ ತೊಂಬತ್ತು ದಾಟಿದ ಮೇಲೂ ವೇದಿಕೆ ಹತ್ತಿ ಹಾಡಿದರು.

ಇದು ಇಷ್ಟವಾದರೆ ಮುಂದೆ ಏನು ನೋಡಲಿ?

ಅದೇ 1986ರಲ್ಲಿ, ಇದಕ್ಕಿಂತ ಕೆಲವೇ ತಿಂಗಳ ಮೊದಲು, ಹೆಸರಾಂತ ದರೋಡೆಕೋರರಾದ ಫ್ರಾಂಕ್ ಮತ್ತು ಜೆಸ್ಸಿ ಜೇಮ್ಸ್ ಸೋದರರ ಕೊನೆಯ ದಿನಗಳ ಬಗ್ಗೆ ಒಂದು ಟಿವಿ ಚಿತ್ರ ಬಂತು. ಕ್ಯಾಶ್ ಅಣ್ಣ ಫ್ರಾಂಕ್, ಕ್ರಿಸ್ಟಾಫರ್ಸನ್ ತಮ್ಮ ಜೆಸ್ಸಿ. ನೆಲ್ಸನ್ ಅವರೂ ಸ್ವಲ್ಪ ಹೊತ್ತು ಬಂದು ಹೋಗುತ್ತಾರೆ. ಇವರಿಬ್ಬರ ಅಣ್ಣತಮ್ಮಂದಿರ ನಂಟು ಅಲ್ಲಿ ಇನ್ನೂ ಬಿಚ್ಚಿಕೊಳ್ಳುತ್ತದೆ. ಅದಾದ ಮೇಲೆ 1990ರಲ್ಲಿ ನ್ಯೂಯಾರ್ಕ್‌ನ ನಸಾವು ಕೊಲಿಸಿಯಮ್‌ನಲ್ಲಿ ನಾಲ್ವರೂ ಕೊಟ್ಟ ಕಛೇರಿಯ ಚಿತ್ರೀಕರಣ ಸಿಗುತ್ತದೆ, ಅದನ್ನು ಬಿಡಬೇಡಿ. ಒಬ್ಬರು ಹಾಡುವಾಗ ಉಳಿದ ಮೂವರು ಏನು ಮಾಡುತ್ತಾರೆ ಅನ್ನುವುದನ್ನು ನೋಡಿ.